ರಸ್ತೆ ಹಾಕಿ ಸಂತನಾದವನ ಊರು

ಕಮಿನೊ ನಡಿಗೆಗೆ ಇವತ್ತು ರಜೆ. ಫ್ರಾನ್ಸ್ ಗಡಿಯಿಂದ ಸ್ಪೇನಿನ ಸಾಂಟಿಯಾಗೊ ತನಕ ಸುಮಾರು 800 ಕಿ.ಮೀ. ಯಾತ್ರೆಯ ದಾರಿ. ನಡುವೆ ಸಿಗುವ ಹಳೇ ಊರು ಸಾಂಟೊ ಡೊಮಿಂಗೊ ದೆ ಲಾ ಕಾಲ್ಸಾದಾ. ಹೆಚ್ಚಿನವರು ಮಧ್ಯಾಹ್ನ ಬಂದು, ಮಲಗೆದ್ದು, ಬೆಳಕು ಹರಿಯುವ ಮುಂಚೆಯೇ ಹೊರಡುತ್ತಾರೆ. ನಾನು ಉಳಿದೆ. ಬೆನ್ನಿಗೆ ಬ್ಯಾಗಿಲ್ಲ, ಕಾಲಿಗೆ ಬರೀ ಚಪ್ಪಲಿ.

ಇಲ್ಲಿನ ಕಥೀಡ್ರಲ್ ಒಳಗೆ ನಿಜವಾದ ಕೋಳಿಗಳಿವೆ! ಊರಿಗೆ ಹೆಸರು ಕೊಟ್ಟ ಸಂತ ಡೊಮಿಂಗೊನ ಸಮಾಧಿಯ ಎದುರು, ಗೋಡೆಯ ಮೇಲೆ ಕೆತ್ತನೆಯ ಗೂಡು. ಅದರೊಳಗೆ ಒಂದು ಬಿಳಿ ಹುಂಜ, ಒಂದು ಬಿಳಿ ಹೇಂಟೆ. ಇದರ ಹಿಂದೆ ಒಂದು ಪವಾಡದ ಕಥೆಯಿದೆ: ತಪ್ಪು ಮಾಡದೆ ನೇಣಿಗೇರಿದ ಯಾತ್ರಿಕ ಹುಡುಗನೊಬ್ಬ ಬದುಕಿದ್ದಾನೆ ಎಂದಾಗ, ಊಟಕ್ಕೆ ಕೂತಿದ್ದ ಅಧಿಕಾರಿ ‘ಹಾಗಾದರೆ ತಟ್ಟೆಯಲ್ಲಿರೋ ಈ ಕೋಳಿಯೂ ಬದುಕಿದೆ’ ಎಂದು ನಕ್ಕನಂತೆ. ಸುಟ್ಟ ಕೋಳಿ ಎದ್ದು ಕೂಗಿತಂತೆ.

ನನಗೆ ಪವಾಡಕ್ಕಿಂತ ಆ ಸಂತನೇ ಹಿಡಿಸಿದ. ಮಠಗಳು ಸೇರಿಸಿಕೊಳ್ಳದ ಡೊಮಿಂಗೊ 11ನೇ ಶತಮಾನದಲ್ಲಿ ಕಾಡು ಕಡಿದು ಯಾತ್ರಿಕರಿಗೆ ರಸ್ತೆ ಮಾಡಿದ, ಓಹಾ ನದಿಗೆ ಸೇತುವೆ ಕಟ್ಟಿದ, ತಂಗಲು ಛತ್ರ ಕಟ್ಟಿಸಿದ. ಅವನು ತೀರಿಕೊಂಡದ್ದು 1109ರಲ್ಲಿ. ಅವನ ಕೆಲಸದ ಸುತ್ತಲೇ ಬೆಳೆದ ಊರಿದು. ಇಂದಿಗೂ ಸ್ಪೇನಿನ ಸಿವಿಲ್ ಎಂಜಿನಿಯರುಗಳಿಗೆ ಇವನೇ ಪೋಷಕ ಸಂತ. ಛತ್ರವಿದ್ದ ಕಟ್ಟಡ ಈಗ ದುಬಾರಿ ಹೋಟೆಲು.

ಕಮಿನೊ ಹೊರಡುವವರಿಗೆ ಒಂದು ಮಾತು: ಯಾತ್ರಿಕರ ತಂಗುದಾಣಗಳಲ್ಲಿ ಸಾಮಾನ್ಯವಾಗಿ ಒಂದೇ ರಾತ್ರಿ ಇರಲು ಬಿಡುತ್ತಾರೆ. ವಿಶ್ರಾಂತಿಯ ದಿನಕ್ಕೆ ಬೇರೆ ರೂಮು ಮೊದಲೇ ನೋಡಿಟ್ಟುಕೊಳ್ಳಿ.