ಹುಣಸೆ ಬೀಜದ ಲೆಕ್ಕ

ಬೆಂಗಳೂರು–ಮೈಸೂರು ಹೆದ್ದಾರಿಯ ಕಾಮಗಾರಿಯಲ್ಲಿ ನಮ್ಮೂರಿನ ಹೆಸರು ಎರಡು ಸಲ ಬರುತ್ತದೆ. ಮೊದಲ ಹಂತ ಬೆಂಗಳೂರಿನಿಂದ ನಿಡಘಟ್ಟ, ಎರಡನೆಯದು ನಿಡಘಟ್ಟದಿಂದ ಮೈಸೂರು. 2023ರ ಮಾರ್ಚ್ 12ರಂದು ರಸ್ತೆ ಉದ್ಘಾಟನೆಯಾದಾಗ ಟಿ.ವಿ.ಯವರು ಊರಿನ ಹೆಸರನ್ನು ಹೇಳಿದ್ದೇ ಹೇಳಿದ್ದು. ಆ ರಸ್ತೆಯೊಳಗೆ ನಮ್ಮದೂ 14 ಗುಂಟೆ ಇದೆ. ಪರಿಹಾರದ ಕಾಗದ ಬಂದಾಗ ಅಪ್ಪ ನನ್ನ ಸೋದರತ್ತೆಯನ್ನು ಮಳವಳ್ಳಿಯಿಂದ ಕರೆಸಿದರು. ಹಕ್ಕು ಬಿಡುಗಡೆ ಪತ್ರಕ್ಕೆ ಅತ್ತೆ ಸಹಿ ಹಾಕಿದರು, ಕಾಫಿ ಕುಡಿದರು, ಸಂಜೆಯ ಬಸ್ಸಿಗೆ ಹೊರಟರು. ನಾನಾಗ ಪಿಯುಸಿ ಮುಗಿಸಿ ಮೈಸೂರಿನಲ್ಲಿದ್ದೆ. ಈ ವಿಷಯ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅದೂ ಒಂದು ಆಟದಿಂದ.

ಆಟಗಳೇ ನನ್ನ ಪಿಎಚ್‌ಡಿ ವಿಷಯ. ಶುರು ಮಾಡಿದ್ದು ಚೌಕಾಬಾರದಿಂದ. ಒಂದು ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಪಕ್ಕದ ಮನೆಯಲ್ಲಿ ಆ ನಿಯಮವೇ ಇಲ್ಲ. ‘ನಮ್ಮನೇಲಿ ಹಿಂಗೇ’ ಎಂಬ ಒಂದೇ ಮಾತಿನಲ್ಲಿ ನಿಯಮ ಹುಟ್ಟುತ್ತದೆ. ಅದನ್ನು ಮಾಡಿದ ಹೆಂಗಸಿನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ನಮ್ಮ ಸೀಮೆಯಲ್ಲಿ ಆಟ ಕಟ್ಟಿದವರೆಂದು ಹೆಸರು ಉಳಿದಿರುವುದು ಮುಮ್ಮಡಿ ಕೃಷ್ಣರಾಜ ಒಡೆಯರದ್ದು. ಅವರ ಕೈಲಿ ಅರಮನೆಯಿತ್ತು. ಅರಮನೆಯಿಲ್ಲದವರು ಮಾಡಿದ ನಿಯಮಗಳನ್ನು ಹುಡುಕುತ್ತಾ ಹೋಗಿ ನಾನು ತಲುಪಿದ್ದು ಅಮೆರಿಕದ ರೋಲ್‌ಪ್ಲೇಯಿಂಗ್ ಆಟಗಳ ಸ್ವತಂತ್ರ ವಿನ್ಯಾಸಕರ ಹತ್ತಿರ.

ಈ ಆಟಗಳನ್ನು ನೋಡದವರಿಗೆ ಒಂದೆರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂತು, ಒಬ್ಬೊಬ್ಬರು ಒಂದು ಪಾತ್ರವಾಗಿ, ಮಾತಿನಲ್ಲೇ ಕಥೆ ನಡೆಸುತ್ತಾರೆ. ಸಂದೇಹ ಬಂದ ಕಡೆ ದಾಳ ಹಾಕುತ್ತಾರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಇದಕ್ಕೆ ಮೂಲ. ಅದು ಯುದ್ಧದ ಆಟಗಳಿಂದ ಹುಟ್ಟಿದ್ದು, ಹಾಗಾಗಿ ನಿಯಮಗಳೆಲ್ಲ ಹೊಡೆದಾಟದ ಸುತ್ತಲೇ ಇದ್ದವು. ಕತ್ತಿಯ ಏಟಿಗೆ ಲೆಕ್ಕವಿತ್ತು, ಅವಮಾನಕ್ಕೆ ಇರಲಿಲ್ಲ. ಜೊತೆಗೆ ಒಬ್ಬ ಯಜಮಾನ, ಡಂಜನ್ ಮಾಸ್ಟರ್. ಲೋಕವೆಲ್ಲ ಅವನದು, ಕೊನೆಯ ಮಾತೂ ಅವನದೇ.

2000ದ ನಂತರ, ತಮ್ಮ ದುಡ್ಡಿನಲ್ಲೇ ಪುಸ್ತಕ ಅಚ್ಚು ಹಾಕಿಸಿ ತಾವೇ ಮಾರುತ್ತಿದ್ದ ಕೆಲವರು ಇದನ್ನು ಅಲ್ಲಾಡಿಸಿದರು. ಪಾಲ್ ಚೆಗಿಯ ‘ಮೈ ಲೈಫ್ ವಿತ್ ಮಾಸ್ಟರ್’ (2003) ಆಟದಲ್ಲಿ ಎಲ್ಲರೂ ಒಬ್ಬ ಕ್ರೂರ ಧಣಿಯ ಆಳುಗಳು. ಅಲ್ಲಿ ಅಂಕಿ ಬರೆಯುವುದು ತೋಳ್ಬಲಕ್ಕಲ್ಲ. ಬಳಲಿಕೆಗೆ, ತನ್ನ ಮೇಲಿನ ಹೇಸಿಗೆಗೆ, ಪ್ರೀತಿಗೆ. ವಿನ್ಸೆಂಟ್ ಬೇಕರ್‌ನ ‘ಡಾಗ್ಸ್ ಇನ್ ದಿ ವಿನ್ಯಾರ್ಡ್’ (2004) ಜಗಳವನ್ನು ಮಾತಿನಿಂದ ಆರಂಭಿಸುತ್ತದೆ. ಮಾತಿನಲ್ಲಿ ಸೋಲುವಂತಾದಾಗ ನೀವು ಬಿಟ್ಟುಕೊಡಬಹುದು, ಇಲ್ಲವೇ ಕೈ ಎತ್ತಬಹುದು, ಬಂದೂಕನ್ನೂ ಎತ್ತಬಹುದು. ಎಲ್ಲಿಯವರೆಗೆ ಹೋಗುತ್ತೀರಿ ಎನ್ನುವುದೇ ಆಟ. ಅದೇ ಬೇಕರ್ ಹೆಂಡತಿ ಮೆಗ್ವಿ ಜೊತೆ ಸೇರಿ 2010ರಲ್ಲಿ ‘ಅಪಾಕಲಿಪ್ಸ್ ವರ್ಲ್ಡ್’ ತಂದಾಗ ದಾಳದ ಉತ್ತರವೇ ಬದಲಾಯಿತು. ಎರಡು ದಾಳ ಸೇರಿ ಹತ್ತು ಅಥವಾ ಹೆಚ್ಚು ಬಿದ್ದರೆ ಕೆಲಸ ಆಯಿತು, ಆರು ಅಥವಾ ಕಡಿಮೆ ಬಿದ್ದರೆ ಕೆಟ್ಟಿತು. ಏಳರಿಂದ ಒಂಬತ್ತು ಬಿದ್ದರೆ ಆಗುತ್ತದೆ, ಆದರೆ ಅದಕ್ಕೊಂದು ಬೆಲೆ ಇದೆ. ನಮ್ಮ ಬದುಕು ಬಹುಪಾಲು ಈ ಏಳರಿಂದ ಒಂಬತ್ತರಲ್ಲೇ ನಡೆಯುತ್ತದೆ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆ ಚೌಕಟ್ಟನ್ನು ಬೇಕರ್ ದಂಪತಿ ಬೇರೆಯವರಿಗೂ ಬಿಟ್ಟುಕೊಟ್ಟದ್ದರಿಂದ ಅದರ ಮೇಲೆ ಎಷ್ಟೋ ಆಟಗಳು ಹುಟ್ಟಿದವು. 2025ರಲ್ಲಿ ದೊಡ್ಡ ಸದ್ದಿನೊಂದಿಗೆ ಬಂದ ‘ಡ್ಯಾಗರ್‌ಹಾರ್ಟ್’ನಲ್ಲೂ ಒಂದು ದಾಳ ಭರವಸೆಯದು, ಇನ್ನೊಂದು ಭಯದ್ದು, ಗೆದ್ದರೂ ಭಯದೊಂದಿಗೆ ಗೆಲ್ಲಬಹುದು. ಇದರ ಬೇರು ಎಲ್ಲಿದೆಯೆಂದು ಬಲ್ಲವರಿಗೆ ಗೊತ್ತು.

ಇಷ್ಟನ್ನೂ ಅಧ್ಯಾಯ ಮಾಡಿ ಕೊಟ್ಟಾಗ ನನ್ನ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: ‘ಇದರಲ್ಲಿ ಯಾವುದನ್ನಾದರೂ ಕನ್ನಡದಲ್ಲಿ ಆಡಿ ನೋಡಿದ್ದೀಯಾ?’

ಆಡಿರಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಅತ್ತೆ ಮಗನ ಜೊತೆ ತವರಿಗೆ ಬಂದಿದ್ದರು. ಬಾಗಿನ ಕೊಟ್ಟು, ಊಟವಾಗಿ, ಮಳೆ ಹಿಡಿದು ಎಲ್ಲರೂ ನಡುಮನೆಯಲ್ಲಿ ಕೂತಿದ್ದಾಗ ನಾನು ಏವರಿ ಆಲ್ಡರ್ ಅವರ ‘ದಿ ಕ್ವೈಯೆಟ್ ಇಯರ್’ (2013) ತೆಗೆದೆ. ಅದರಲ್ಲಿ ಯಜಮಾನನಿಲ್ಲ, ಯಾರಿಗೂ ಸ್ವಂತ ಪಾತ್ರವೂ ಇಲ್ಲ. ಎಲ್ಲರೂ ಸೇರಿ ಒಂದು ಊರು. ಯುದ್ಧ ಮುಗಿದಿದೆ, ಒಂದು ವರ್ಷ ನೆಮ್ಮದಿ ಸಿಕ್ಕಿದೆ. ಇಸ್ಪೀಟಿನ 52 ಎಲೆ 52 ವಾರ, ನಾಲ್ಕು ಬಣ್ಣ ನಾಲ್ಕು ಋತು. ಎಲೆ ತಿರುವಿದಂತೆ ಊರಿನ ನಕ್ಷೆಯನ್ನು ಒಂದು ದೊಡ್ಡ ಹಾಳೆಯ ಮೇಲೆ ಬರೆಯುತ್ತಾ ಹೋಗಬೇಕು. ಇಸ್ಪೀಟ್ ರಾಜಾ ಬಂದ ಕ್ಷಣ ಆಟ ಮುಗಿಯಿತು. ‘ಹಿಮದ ಕುರುಬರು’ ಬಂದರು. ಅವರು ಯಾರೆಂದು ಪುಸ್ತಕ ಹೇಳುವುದಿಲ್ಲ. ಹಿಮವನ್ನೇ ಕಾಣದ ಮದ್ದೂರು ತಾಲ್ಲೂಕಿನಲ್ಲಿ ಇದನ್ನು ಹೇಗಪ್ಪಾ ಹೇಳುವುದು ಎಂದು ಒದ್ದಾಡಿ ಕೊನೆಗೆ ‘ಅವರು’ ಅಂದೆ. ಯಾರೂ ಯಾರು ಎಂದು ಕೇಳಲಿಲ್ಲ.

ಆರಂಭದಲ್ಲಿ ಊರಿಗೆ ಮುಖ್ಯವಾದ ಒಂದೊಂದು ಸಂಪತ್ತನ್ನು ಒಬ್ಬೊಬ್ಬರು ಹೆಸರಿಸಬೇಕು. ಅತ್ತೆ ನೀರು ಅಂದರು, ಅವರ ಮಗ ಕರೆಂಟು, ನಾನು ಔಷಧಿ, ಅಪ್ಪ ದಾರಿ. ಇವುಗಳಲ್ಲಿ ಒಂದು ಮಾತ್ರ ಹೇರಳ, ಉಳಿದದ್ದಕ್ಕೆಲ್ಲ ಬರ. ಹೇರಳವಾಗಿರುವುದು ದಾರಿ ಎಂದು ಎಲ್ಲರೂ ಒಟ್ಟಿಗೆ ಹೇಳಿ ನಕ್ಕೆವು.

ಆಟದ ಜೀವ ಇರುವುದು ಮಾತಿನ ನಿಯಮದಲ್ಲಿ. ನಿಮ್ಮ ಸರದಿಯಲ್ಲಿ ನೀವು ಒಂದು ಕೆಲಸ ಶುರು ಮಾಡಿದರೆ ಬೇರೆಯವರು ತಡೆಯುವಂತಿಲ್ಲ, ಬೇಡ ಎನ್ನುವಂತೆಯೂ ಇಲ್ಲ. ಚರ್ಚೆ ಬೇಕೆಂದರೆ ಅದಕ್ಕೇ ಒಂದು ಸರದಿ ಕೊಡಬೇಕು. ಅಲ್ಲಿಯೂ ತಲಾ ಒಂದು ಮಾತು, ತೀರ್ಮಾನ ಇಲ್ಲ. ನನ್ನನ್ನು ಕೇಳದೆ ಮಾಡಿದರು ಎಂದು ಅನ್ನಿಸಿದರೆ ನಡುವಿನ ರಾಶಿಯಿಂದ ಒಂದು ಬಿಲ್ಲೆ ಎತ್ತಿ ಮುಂದೆ ಇಟ್ಟುಕೊಳ್ಳಬಹುದು. ಇಂಗ್ಲಿಷಿನಲ್ಲಿ ಅದಕ್ಕೆ ‘ಕಂಟೆಂಪ್ಟ್’ ಎಂದು ಹೆಸರು. ‘ತಿರಸ್ಕಾರ’ ಸರಿಹೋಗಲಿಲ್ಲ. ‘ಹೊಟ್ಟೇಲಿ ಇಟ್ಕೊಳೋದು’ ಅಂದೆ. ಬಿಲ್ಲೆಗಳ ಬದಲು ಒಂದು ಹಿಡಿ ಹುಣಸೆ ಬೀಜ ಸುರಿದಿದ್ದೆ.

ಅತ್ತೆ ಬೀಜಗಳನ್ನೇ ನೋಡಿ, ‘ಕೇಳದೆ ಮಾಡಿದ್ದಕ್ಕೆಲ್ಲ ಎತ್ಕೋಬೇಕಾ? ನಂಗೊಂದು ಸೇರು ಬೇಕಾಯ್ತದೆ ಕಣವ್ವ’ ಅಂದರು. ನಾವೆಲ್ಲ ಮತ್ತೆ ನಕ್ಕೆವು. ಅಪ್ಪ ನಗಲಿಲ್ಲ ಎಂದು ನನಗೆ ಹೊಳೆದದ್ದು ಆಮೇಲೆ.

ಅತ್ತೆ ನಕ್ಷೆಯಲ್ಲಿ ಒಂದು ಹುಣಸೆ ತೋಪು ಬರೆದಿದ್ದರು. ಬೇಸಿಗೆಯ ಮೂರನೇ ವಾರದಲ್ಲಿ ಅಪ್ಪ ಅದರ ನಡುವೆ ಗೆರೆ ಎಳೆದು, ದಾರಿ ಅಗಲ ಮಾಡೋಣ, ನಾಲ್ಕು ವಾರದ ಕೆಲಸ ಎಂದು ದಾಳ ಇಟ್ಟರು. ಅತ್ತೆ ಒಂದು ಬೀಜ ಎತ್ತಿಕೊಂಡರು. ‘ಯಾಕೆ, ನಿಂಗೆ ಬೇಡ್ವಾ?’ ಎಂದು ಅಪ್ಪ ಕೇಳಿದರೆ ಅತ್ತೆಯ ಮಗ, ‘ಮಾವ, ಈಗ ಮಾತಾಡಂಗಿಲ್ಲ’ ಅಂದ. ಆಮೇಲೆ ಅಪ್ಪನ ಪ್ರತಿ ಸರದಿಗೂ ಒಂದೊಂದು ಬೀಜ. ತಮ್ಮ ಸರದಿ ಬಂದಾಗ ಅತ್ತೆ ಚರ್ಚೆ ಕರೆದರು. ಪ್ರಶ್ನೆ ಕೇಳಿ ಕರೆದವರಿಗೆ ಕೊನೆಯ ಮಾತು. ಅವರ ಪ್ರಶ್ನೆ: ‘ಈ ಊರಲ್ಲಿ ಹೆಣ್ಮಕ್ಕಳಿಗೆ ಪಾಲದೆಯಾ?’

ನಾನು ಇದೆ ಅಂದೆ. ಅವರ ಮಗ ನಕ್ಷೆ ನೋಡುತ್ತಾ, ಕಾನೂನಿನಲ್ಲಿದೆ ಅಂದ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ‘ಕೇಳಿದ್ರೆ ಕೊಡ್ತಿದ್ರು’ ಅಂದರು. ಅತ್ತೆಯ ಕೊನೆಯ ಮಾತು: ‘ಕೇಳೋಕೆ ಯಾವ ಕಾಗ್ದ ಅಂತ ಗೊತ್ತಿರ್ಬೇಕಲ್ಲಣ್ಣ. ಸಹಿ ಹಾಕು ಅಂದ್ರಿ, ಹಾಕ್ದೆ.’

ನಿಯಮದ ಪ್ರಕಾರ ಚರ್ಚೆ ಅಲ್ಲಿಗೆ ಮುಗಿಯಿತು.

ಇಂಥ ಆಟಗಳ ಬಗ್ಗೆ ಬರೆಯುವವರು, ನಾನೂ ಸೇರಿ, ಹೊಗಳಿಕೆಯಲ್ಲಿ ಜಿಪುಣರಲ್ಲ. ಆದರೆ ಅವತ್ತು ನನಗೆ ಹೆದರಿಕೆಯಾಯಿತು. ಈ ವಿನ್ಯಾಸಕರ ವಲಯದಲ್ಲೇ ಎಕ್ಸ್-ಕಾರ್ಡ್ ಎಂಬ ಉಪಾಯವೂ ಇದೆ, ಜಾನ್ ಸ್ಟಾವ್ರೊಪೊಲಸ್ ಮಾಡಿದ್ದು. ಸಹಿಸಲಾಗದ್ದು ಬಂದಾಗ ಆ ಕಾರ್ಡು ಮುಟ್ಟಿದರೆ ಸಾಕು, ಕಾರಣ ಹೇಳದೆ ಅಷ್ಟನ್ನು ಆಟದಿಂದ ತೆಗೆದುಬಿಡಬಹುದು. ಅದರ ಮೇಲೆ ನಾಲ್ಕು ಪುಟ ಬರೆದವಳು ನಾನು. ಮನೆಯವರ ಜೊತೆ ಆಡುವಾಗ ಅದೇಕೆ ಬೇಕು ಎಂದು ಇಟ್ಟಿರಲಿಲ್ಲ. ಇಟ್ಟಿದ್ದರೆ ಯಾರು ಮುಟ್ಟುತ್ತಿದ್ದರು ಎಂದು ಈಗಲೂ ಯೋಚಿಸುತ್ತೇನೆ. ಅತ್ತೆಯಂತೂ ಅಲ್ಲ.

ಆಟದಲ್ಲಿ ಬಿಲ್ಲೆ ಹಿಂದಿರುಗಿಸಲು ದಾರಿಯಿದೆ: ಎದುರಿನವರು ಹಳೆಯದನ್ನು ಸರಿಪಡಿಸುವ ಕೆಲಸ ಮಾಡಿದರೆ ಒಂದನ್ನು ರಾಶಿಗೆ ಹಾಕಬಹುದು. ಶರತ್ಕಾಲದಲ್ಲಿ ಅಪ್ಪ ತೋಪಿನ ಪಕ್ಕ ಒಂದು ಬಾವಿ ಬರೆದರು. ವೃತ್ತ ಸೊಟ್ಟವಾಗಿತ್ತು. ಅತ್ತೆ ಅದನ್ನು ನೋಡಿದರು, ಬೀಜಗಳನ್ನು ಮುಟ್ಟಲಿಲ್ಲ. ಚಳಿಗಾಲದ ನಾಲ್ಕನೇ ಎಲೆಯೇ ಇಸ್ಪೀಟ್ ರಾಜಾ. ಬಾವಿ ಮುಗಿಯಲು ಇನ್ನೂ ಎರಡು ವಾರವಿತ್ತು.

ಮಾರನೇ ದಿನ ಅತ್ತೆ ಹೊರಟ ಮೇಲೆ ನಾನು ಹಾಳೆ ಮಡಿಸುತ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು, ‘ಅವಳ ಮುಂದೆ ಎಷ್ಟು ಬೀಜ ಇತ್ತು?’ ಅಂದರು.

‘ಏಳು.’

ಅವರು ಹಸುವಿಗೆ ನೀರು ಕೊಡಲು ಹೋದರು.