ಸೂಳೆಕೆರೆಯ ಏರಿಯ ಮೇಲೆ

ನಮ್ಮ ಮನೆ ಚಿತ್ರದುರ್ಗದಲ್ಲಿ. ನಲ್ಲಿಯಲ್ಲಿ ನೀರು ಬಂದಿತೆಂದರೆ ಹಂಡೆ, ಕೊಳಗ, ಬಿಂದಿಗೆಗಳೆಲ್ಲ ಅಂಗಳಕ್ಕೆ ಇಳಿಯುತ್ತವೆ. ಅಂಥದೊಂದು ಬೆಳಿಗ್ಗೆ, ಐದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಬಿಂದಿಗೆಯ ಬಾಯಿಗೆ ಸೋಸುವ ಬಟ್ಟೆ ಕಟ್ಟುತ್ತ, “ಅಪ್ಪಾ, ಈ ನೀರು ಎಲ್ಲಿಂದ ಬರುತ್ತದೆ?” ಎಂದು ಕೇಳಿದಳು.

“ಶಾಂತಿಸಾಗರದಿಂದ” ಎಂದೆ.

ಒಳಗೆ ಮೊಸರು ಕಡೆಯುತ್ತಿದ್ದ ನನ್ನ ತಾಯಿ ಅಲ್ಲಿಂದಲೇ, “ಅದ್ಯಾವ ಸಾಗರವಪ್ಪಾ? ಸೂಳೆಕೆರೆಯಿಂದ ಎಂದು ಹೇಳು” ಎಂದರು.

ಮಗಳು ಹುಬ್ಬೇರಿಸಿ ನನ್ನ ಮುಖ ನೋಡಿದಳು. ಆ ಮಾತನ್ನು ಅವಳು ಬೀದಿಯ ಜಗಳಗಳಲ್ಲಿ ಮಾತ್ರವೇ ಕೇಳಿದ್ದಳು. “ಅಜ್ಜಿ ಕೆಟ್ಟ ಮಾತು ಆಡಿದರು” ಎಂದು ನನ್ನ ಕಿವಿಯಲ್ಲಿ ಉಸುರಿದಳು. ಉತ್ತರ ತೋಚದೆ ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಆದರೆ ತಾಯಿ ಬಿಡಲಿಲ್ಲ. ಅವರ ತವರು ಆ ಕೆರೆಯ ಅಚ್ಚುಕಟ್ಟಿನ ಒಂದು ಹಳ್ಳಿ. “ಮಗು ದಿನವೂ ಕುಡಿಯುವ ನೀರು. ಒಮ್ಮೆ ಕರೆದುಕೊಂಡು ಹೋಗಿ ತೋರಿಸು; ಹೆಸರಿನ ಸಂಗತಿಯನ್ನು ಅಲ್ಲಿಯೇ ಹೇಳೋಣ” ಎಂದರು. ಹೀಗೆ ಒಂದು ಭಾನುವಾರ ನಾವು ನಾಲ್ವರು ಬುತ್ತಿ ಕಟ್ಟಿಕೊಂಡು, ಬಾಡಿಗೆಯ ಮೋಟಾರಿನಲ್ಲಿ ಹೊರಟೆವು.

ಹೊಳಲ್ಕೆರೆಯ ಬಯಲು ಗಣಪತಿಗೆ ಕೈಮುಗಿದು ಮುಂದೆ ಸಾಗಿದಂತೆ ನೆಲದ ಬಣ್ಣ ಬದಲಾಗತೊಡಗಿತು. ದುರ್ಗದ ಬಂಡೆಗಳೂ ಒಣ ಹೊಲಗಳೂ ಹಿಂದೆ ಉಳಿದವು. ಅಡಕೆಯ ತೋಟಗಳು ದಾರಿಯ ಎರಡೂ ಬದಿ ಸಾಲುಗಟ್ಟಿ ನಿಂತವು. ಚನ್ನಗಿರಿ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಊರಿನ ಮಗ್ಗುಲಿಗೇ ಗುಡ್ಡದ ಮೇಲೆ ಕೋಟೆ. ಅದರೊಳಗೆ ಬೇಟೆ ರಂಗನಾಥನ ಗುಡಿ. ಈ ಊರಿಗೆ ಚನ್ನಗಿರಿಯೆಂಬ ಹೆಸರು ಬಂದುದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ವೀರರಮಣಿ ಆಕೆ. ಪಾಠದಲ್ಲಿ ಓದಿದ್ದ ಚೆನ್ನಮ್ಮನ ಹೆಸರು ಒಂದು ಊರಿನ ಹೆಸರಾಗಿ ಉಳಿದಿದೆಯೆಂದು ಕೇಳಿ ಮಗಳು ಹಿಗ್ಗಿದಳು. “ಹಾಗಾದರೆ ಕೆರೆಗೂ ಯಾರದೋ ಹೆಸರು ಇರಬೇಕು” ಎಂದಳು. ಅವಳ ತಾಯಿ ನನ್ನ ಕಡೆ ನೋಡಿ ನಕ್ಕಳು. ನಾನು ಕಿಟಕಿಯ ಹೊರಗೆ ನೋಡಿದೆ.

ಚನ್ನಗಿರಿಯಿಂದ ಉತ್ತರಕ್ಕೆ ಹೊರಟ ನಮಗೆ ಕೆರೆ ಒಮ್ಮೆಲೇ ಎದುರಾಯಿತು. ಅದನ್ನು ಕೆರೆಯೆಂದು ನಂಬುವುದಕ್ಕೆ ಕಣ್ಣು ಒಪ್ಪಲಿಲ್ಲ. ಸುತ್ತಲೂ ಗುಡ್ಡಗಳ ಸಾಲು. ನಡುವೆ ಕಣ್ಣು ಹಾಯುವಷ್ಟು ದೂರ ನೀರು. ಗಾಳಿಗೆ ಎದ್ದ ಸಣ್ಣ ಅಲೆಗಳು ದಡದ ಕಲ್ಲುಗಳಿಗೆ ಬಡಿದು ಮುರಿಯುತ್ತಿದ್ದವು. ದೂರದಲ್ಲಿ ಮೀನುಗಾರರ ಎರಡು ತೆಪ್ಪಗಳು ಕರಿಯ ಚುಕ್ಕೆಗಳಂತೆ ತೇಲುತ್ತಿದ್ದವು. ನೀರುಕಾಗೆಗಳು ಮುಳುಗಿ ಎದ್ದು, ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. “ಸಾಗರವೆಂದು ಕರೆದವರದು ತಪ್ಪಲ್ಲ” ಎಂದಳು ನನ್ನ ಹೆಂಡತಿ.

ನಮಗೆ ದಾರಿ ತೋರಲು ತಾಯಿಯ ತವರಿನ ಕಡೆಯ ವೃದ್ಧರೊಬ್ಬರು ಏರಿಯ ಬಳಿ ಕಾದಿದ್ದರು. ತಲೆಗೆ ರುಮಾಲು, ಕೈಯಲ್ಲಿ ಊರುಗೋಲು. ಅವರ ಮನೆತನದ ಹಿರಿಯರು ನೀರುಗಂಟಿಗಳು. ತೂಬು ಎತ್ತಿ ಗದ್ದೆಗದ್ದೆಗೆ ಸರದಿಯಂತೆ ನೀರು ಹಂಚುವ ಕಾಯಕದವರು. ತಾಯಿಯನ್ನು ಕಂಡೊಡನೆ, “ಏನಕ್ಕಾ, ನೀರು ನೋಡುವ ನೆನಪಾಯಿತೇ?” ಎಂದು ಕುಶಲ ವಿಚಾರಿಸಿ, ನಮ್ಮನ್ನು ಏರಿಯ ಮೇಲೆ ಕರೆದೊಯ್ದರು.

ಏರಿಯ ಮೇಲೆ ನಿಂತ ಬಳಿಕ ಇದನ್ನು ಕಟ್ಟಿದವರ ಜಾಣ್ಮೆ ಅರ್ಥವಾಯಿತು. ದಕ್ಷಿಣದ ಗುಡ್ಡಗಾಡಿನ ಹಳ್ಳಗಳೆಲ್ಲ ಸೇರಿ ಹರಿದ್ರಾ ಎಂಬ ಹೊಳೆಯಾಗಿ ಉತ್ತರಕ್ಕೆ ಹರಿಯುತ್ತವೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯೇ ಅದಕ್ಕೆ ಬಾಗಿಲು. ಆ ಬಾಗಿಲನ್ನೇ ಹುಡುಕಿ ಮಣ್ಣು, ಕಲ್ಲುಗಳಿಂದ ಮುಚ್ಚಿದ್ದಾರೆ. ಏರಿ ಉದ್ದವಲ್ಲ, ಆದರೆ ಅದರ ಅಗಲ, ಎತ್ತರ, ಬಲಗಳು ಅಪಾರ. ಮೈಸೂರು ಗೆಜೆಟಿಯರ್ ಬರೆದ ಬಿ. ಎಲ್. ರೈಸ್ ಅವರೂ ಇದನ್ನು ಕಂಡು ಬೆರಗಾಗಿದ್ದಾರೆ. ಹನ್ನೊಂದು ಅಥವಾ ಹನ್ನೆರಡನೆಯ ಶತಮಾನದ ಕೆಲಸವೆಂದು ಹೇಳುತ್ತಾರೆ. ಅಷ್ಟು ಮಳೆಗಾಲಗಳ ಪ್ರವಾಹವನ್ನು ಎದೆಗೊಟ್ಟು ತಡೆದ ಕಟ್ಟೆ ಇದು.

ಲೆಕ್ಕ ಬೇಕೆನ್ನುವ ಓದುಗರಿಗಾಗಿ ಕೆಲವು ಅಂಕಿಗಳು: ಕೆರೆಗೆ ನೀರು ಹರಿದು ಬರುವ ಪ್ರದೇಶ ಸುಮಾರು 81,000 ಎಕರೆ; ತುಂಬಿದಾಗ ನೀರು ನಿಲ್ಲುವ ವಿಸ್ತಾರ ಸುಮಾರು 6,550 ಎಕರೆ. ತೆಂಕಣ ತುದಿಯಿಂದ ಬಡಗಣ ತುದಿಗೆ 8 ಕಿಲೋಮೀಟರು, ಅಡ್ಡಲಾಗಿ 4 ಕಿಲೋಮೀಟರು. ಸಿದ್ಧ, ಬಸವ ಎಂಬ ಎರಡು ಕಾಲುವೆಗಳು; ಅವುಗಳ ಅಚ್ಚುಕಟ್ಟು 4,700 ಎಕರೆ. ನೀರಾವರಿಯ ಕೆರೆಗಳಲ್ಲಿ ಏಷ್ಯಾಕ್ಕೇ ಇದು ಎರಡನೆಯದೆಂಬುದು ಈ ಸೀಮೆಯವರ ಅಭಿಮಾನದ ಮಾತು. ಈಗ ಭದ್ರಾ ನಾಲೆಯ ನೀರೂ ಇದರೊಳಗೆ ಬಂದು ಸೇರುತ್ತದೆ. ಹೊರಬಿದ್ದ ಹರಿದ್ರೆ ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಹರಿಹರೇಶ್ವರನ ದೇವಾಲಯ ಕಟ್ಟಿಸಿದ ಪುಣ್ಯಕ್ಷೇತ್ರ ಅದು.

ಸಿದ್ಧೇಶ್ವರನ ಗುಡಿಗೆ ಹೋಗಿ ಕಾಯಿ ಒಡೆಸಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಚಿತ್ರಾನ್ನ ತಿನ್ನುತ್ತಿದ್ದ ಮಗಳು ಮರೆತಿರಲಿಲ್ಲ. “ತಾತಾ, ಈ ಕೆರೆಗೆ ಆ ಹೆಸರು ಏಕೆ?” ಎಂದು ವೃದ್ಧರನ್ನೇ ಕೇಳಿಬಿಟ್ಟಳು. ನಾನು ತಡೆಯುವುದರೊಳಗೆ ಅವರು ಊರುಗೋಲನ್ನು ಪಕ್ಕಕ್ಕಿಟ್ಟು ಕಥೆ ಆರಂಭಿಸಿದರು.

ಈಗ ನೀರು ನಿಂತಿರುವ ಈ ಬಯಲಿನಲ್ಲಿ ಹಿಂದೆ ಸ್ವರ್ಗಾವತಿ ಎಂಬ ಪಟ್ಟಣವಿತ್ತಂತೆ. ಅಲ್ಲಿ ವಿಕ್ರಮರಾಯನೆಂಬ ಅರಸು. ಅವನ ಮಗಳು ಶಾಂತವ್ವ. ತಾರುಣ್ಯದಲ್ಲಿ ಅವಳು ಒಬ್ಬ ದಿವ್ಯಪುರುಷನಿಗೆ ಮನಸೋತಳು. ತಂದೆ ಕುಪಿತನಾಗಿ ಅವಳನ್ನು ಸೂಳೆಯೆಂದು ಜರೆದನು. ಆ ಮಾತಿನ ಕಳಂಕವನ್ನು ತೊಳೆಯಲು ಅವಳು ಕೆರೆ ಕಟ್ಟಿಸುವ ಸಂಕಲ್ಪ ಮಾಡಿದಳು. ನೀರು ನಿಲ್ಲಬೇಕಾದ ಎಡೆಯಲ್ಲಿ ಸೂಳೆಯರ ಕೇರಿಯಿತ್ತು. ಅರಸನ ಮಗಳಾದರೂ ಅವಳು ಅವರನ್ನು ಬಲಾತ್ಕಾರದಿಂದ ಎಬ್ಬಿಸಲಿಲ್ಲ, ಕೇಳಿಕೊಂಡಳು. ಅವರು ತಮ್ಮಲ್ಲಿ ಆಲೋಚಿಸಿ, “ಮನೆಮಠ ಬಿಟ್ಟುಕೊಡುತ್ತೇವೆ. ಹೊನ್ನು ಬೇಡ. ಕೆರೆಗೆ ನಮ್ಮ ಹೆಸರು ಇರಲಿ” ಎಂದರು. ಅವಳು ಮಾತು ಕೊಟ್ಟಳು. ಕೇರಿ ಮುಳುಗಿತು, ಕೆರೆ ತುಂಬಿತು.

“ಇನ್ನೊಂದು ಬಗೆಯಾಗಿಯೂ ಹೇಳುತ್ತಾರೆ” ಎಂದೆ ನಾನು. ಊರು ಮುಳುಗಿದ ಸಿಟ್ಟಿನಿಂದ ತಂದೆಯೇ ಇದು ಸೂಳೆಯ ಕೆರೆಯಾಗಲೆಂದು ಶಪಿಸಿದನೆಂಬ ಕಥೆಯನ್ನು ನಾನು ಪುಸ್ತಕದಲ್ಲಿ ಓದಿದ್ದೆ.

“ಅದೂ ಉಂಟು ಸ್ವಾಮಿ. ಒಂದು ಕಥೆಯಲ್ಲಿ ಹೆಸರು ಬೈಗುಳ, ಇನ್ನೊಂದರಲ್ಲಿ ಕರಾರು. ನಮ್ಮ ಹಿರಿಯರು ನಮಗೆ ಹೇಳಿದ್ದು ಕರಾರಿನ ಕಥೆ.”

“ಆದರೂ ಶಾಂತಿಸಾಗರವೆಂದರೆ ಕೇಳುವುದಕ್ಕೆ ಹಿತವಲ್ಲವೇ? ಅದೂ ಶಾಂತವ್ವನ ಹೆಸರೇ.”

ವೃದ್ಧರು ನಕ್ಕರು. “ಶಾಂತವ್ವನ ಹೆಸರು ಇರಲಿ, ಬೇಡವೆಂದವರು ಯಾರು? ಆದರೆ ಆ ಹೆಂಗಸರಿಗೆ ಮಾತು ಕೊಟ್ಟವಳೂ ಶಾಂತವ್ವನೇ ಅಲ್ಲವೇ?”

ನನ್ನ ಬಾಯಿ ಕಟ್ಟಿತು. ಇಷ್ಟು ವರ್ಷ ನಾನು ಹೇಳುತ್ತ ಬಂದ ಹೆಸರು ಶಾಂತವ್ವನಿಗೆ ಗೌರವ ತರುವುದೆಂದು ಭಾವಿಸಿದ್ದೆ. ಅವಳ ವಚನವನ್ನು ಅವಳ ಹೆಸರಿನಿಂದಲೇ ಮುರಿಯುತ್ತಿದ್ದೇನೆಂಬುದು ಹೊಳೆದಿರಲಿಲ್ಲ. ಕಥೆ ಚರಿತ್ರೆಯಲ್ಲ, ಒಪ್ಪೋಣ. ಆದರೆ ತಲೆಮಾರಿನಿಂದ ತಲೆಮಾರಿಗೆ ಈ ನೀರಿನಿಂದ ಗದ್ದೆ ಬೆಳೆದ ಜನ, ತಮಗೆ ಕೆರೆ ಕೊಟ್ಟವರ ಋಣವನ್ನು ನೆನೆಯಲು ಆರಿಸಿಕೊಂಡ ರೀತಿ ಅದು.

ಆ ಪದ ಎಂದೆಂದಿಗೂ ಬೈಗುಳವಾಗಿರಲಿಲ್ಲವೆಂಬುದನ್ನು ನಮ್ಮ ಶಾಸನಗಳೇ ಹೇಳುತ್ತವೆ. ಬಾದಾಮಿಯ ಸಮೀಪದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ (ಕ್ರಿ.ಶ. 696–733) ಕಾಲದ ಕನ್ನಡ ಶಾಸನವೊಂದಿದೆ. ವಿನಾಪೋಟಿ ಎಂಬಾಕೆ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರವನ್ನೂ ಭೂಮಿಯನ್ನೂ ಕೊಟ್ಟ ಸಂಗತಿ ಅದರಲ್ಲಿದೆ. ಶಾಸನ ಆಕೆಯನ್ನು ಸೂಳೆಯೆಂದೇ ಹೇಳುತ್ತದೆ. ಜೊತೆಗೇ ಅರಸನ ಪ್ರಾಣವಲ್ಲಭೆ ಎನ್ನುತ್ತದೆ. ಆಕೆಯ ಹೆಸರಿಗೆ ಗೌರವದ ಬಹುವಚನ ಸೇರಿಸುತ್ತದೆ. ಅವಳ ತಾಯಿಯನ್ನೂ ಅಜ್ಜಿಯನ್ನೂ ಹೆಸರಿಸುತ್ತದೆ. ಮದ್ದೂರು ತಾಲ್ಲೂಕಿನಲ್ಲೂ ಒಂದು ಸೂಳೆಕೆರೆಯುಂಟು. ಆ ಸ್ತ್ರೀಯರ ಬಾಳು ಸುಖದ್ದಾಗಿತ್ತೆಂದು ನಾನು ಹೇಳಲಾರೆ. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕದಲ್ಲಿ 1982ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಆದರೆ ಬಾಳಿನ ಅನ್ಯಾಯವನ್ನು ಅಳಿಸುವುದು ಬೇರೆ. ಅವರ ಕೊಡುಗೆಯ ನೆನಪನ್ನು ಅಳಿಸುವುದು ಬೇರೆ. ಎರಡನೆಯದು ಸುಲಭ. ಒಂದು ಹಲಗೆ ಬರೆಯಿಸಿದರೆ ಸಾಕು.

ಊಟವಾದ ಬಳಿಕ ಮಗಳನ್ನು ಎದುರು ಕೂರಿಸಿಕೊಂಡು ನಾನೇ ಹೇಳಿದೆ. ಮಗುವಿಗೆ ತಕ್ಕಷ್ಟು, ಆದರೆ ಸುಳ್ಳಿಲ್ಲದೆ: ಹಿಂದೆ ಹಾಡು, ಕುಣಿತಗಳಿಂದ ಜೀವಿಸುತ್ತಿದ್ದ ಹೆಂಗಸರಿದ್ದರು, ಮದುವೆಯ ಭಾಗ್ಯ ಅವರಿಗಿರಲಿಲ್ಲ, ಲೋಕ ಅವರ ಮನೆಗೆ ಹೋಗುತ್ತಿತ್ತು, ಅವರನ್ನು ತನ್ನ ಮನೆಗೆ ಕರೆಯುತ್ತಿರಲಿಲ್ಲ, ಅವರು ತಮ್ಮ ಕೇರಿಯನ್ನು ನೀರಿಗೆ ಬಿಟ್ಟುಕೊಟ್ಟರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಜಗಳದಲ್ಲಿ ಬೈಯುವವರಿಗೆ ಈ ಕಥೆ ಗೊತ್ತಿಲ್ಲವೇ?” ಎಂದಳು. ತಾಯಿ ಮೊಮ್ಮಗಳ ತಲೆ ನೇವರಿಸಿದರು.

ವೃದ್ಧರ ಚಿಂತೆ ಹೆಸರಿನದಷ್ಟೇ ಆಗಿರಲಿಲ್ಲ. ಬಂದ ಹೊಳೆ ಮಣ್ಣನ್ನೂ ತರುತ್ತದೆ; ಅಷ್ಟೂ ಹೂಳು ಕೆರೆಯ ಒಡಲಲ್ಲಿ ಕೂತಿದೆ. ನೀರು ಹಿಂಜರಿದ ಕಡೆ ಅಂಗಳ ಒತ್ತುವರಿಯಾಗಿದೆಯೆಂಬ ದೂರು ಬೆಳೆದಿದೆ. ಗಡಿ ಅಳೆದು ಕಲ್ಲು ನೆಡಬೇಕು, ಹೂಳು ತೆಗೆಯಬೇಕು ಎಂದು ಇಲ್ಲಿನ ಜನ ಇತ್ತೀಚಿನ ವರ್ಷಗಳಲ್ಲಿ ಹೋರಾಡುತ್ತ ಬಂದಿದ್ದಾರೆ. “ಆ ಹೆಂಗಸರು ಇದ್ದ ಮನೆಯನ್ನೇ ಕೆರೆಗೆ ಬಿಟ್ಟರು, ನಾವು ಕೆರೆಯನ್ನೇ ಮನೆಗೆ ಸೇರಿಸಿಕೊಳ್ಳುತ್ತಿದ್ದೇವೆ” ಎಂದರು ವೃದ್ಧರು. ನಮ್ಮ ದುರ್ಗದ ನಲ್ಲಿಗಳೂ ಚನ್ನಗಿರಿಯ ನಲ್ಲಿಗಳೂ ಈ ನೀರನ್ನೇ ನಂಬಿವೆಯೆಂಬುದು ನೆನಪಾಗಿ, ನಗರದಲ್ಲಿದ್ದೇನೆಂಬ ನನ್ನ ನಿಶ್ಚಿಂತೆ ಅಲುಗಿತು.

ಮರಳುವ ಮುನ್ನ ಹತ್ತಿರದ ಸಂತೇಬೆನ್ನೂರಿಗೆ ಹೋದೆವು. ಪಾಳೆಯಗಾರ ಹನುಮಪ್ಪ ನಾಯಕನು ಕಟ್ಟಿಸಿದ ಹೊಂಡ ನೋಡತಕ್ಕದ್ದು. ನಾಲ್ಕೂ ಕಡೆ ಮೆಟ್ಟಿಲು, ನಡುನೀರಿನಲ್ಲಿ ಗೋಪುರದಂತಹ ವಸಂತಮಂಟಪ, ದಂಡೆಯಲ್ಲಿ ಸಣ್ಣ ಮಂಟಪಗಳು. ಎದುರಿಗೆ ಬಿಜಾಪುರದ ದಳವಾಯಿ ರಣದುಲ್ಲಾಖಾನನ ಹೆಸರಿನೊಡನೆ ಹೇಳುವ ಭಾರಿ ಮುಸಾಫಿರಖಾನೆ. ಸಂಜೆಯ ಬಿಸಿಲಿನಲ್ಲಿ ಮಂಟಪದ ನೆರಳು ಹಸಿರು ನೀರಿನ ಮೇಲೆ ತೂಗುತ್ತಿದ್ದುದು ಬಹು ಮನೋಹರ. ಮಗಳಿಗೆ ಅದು ಬಹಳ ಹಿಡಿಸಿತು. ಆದರೆ ತಾಯಿ, “ಚೆಂದವೇನೋ ಹೌದು. ಇದರಿಂದ ಎಷ್ಟು ಗದ್ದೆ ನೆಂದೀತು?” ಎಂದರು.

ಮನೆ ಸೇರಿದಾಗ ರಾತ್ರಿಯಾಗಿತ್ತು. ಕೆಲವು ದಿನಗಳ ಮೇಲೆ ಬೆಳಿಗ್ಗೆ ಮತ್ತೆ ನಲ್ಲಿಯಲ್ಲಿ ನೀರು ಬಂದಿತು. ಪಕ್ಕದ ಮನೆಯಾಕೆ ಕೊಡ ಹಿಡಿದು ನಿಂತು, “ನೀರು ತುಸು ಕದಡಿದೆಯಲ್ಲ, ಎಲ್ಲಿಯದೋ ಏನೋ” ಎಂದರು.

“ಸೂಳೆಕೆರೆಯದು” ಎಂದಳು ನನ್ನ ಮಗಳು. ಆಕೆ ಬಾಯಿಗೆ ಕೈ ಇಟ್ಟು, ನಾನು ಗದರಿಸುವೆನೆಂದು ನನ್ನ ಕಡೆ ನೋಡಿದರು.

“ಹೌದು, ಸೂಳೆಕೆರೆಯದೇ” ಎಂದು ನಾನು ಬಿಂದಿಗೆ ಎತ್ತಿಕೊಂಡು ಒಳಗೆ ನಡೆದೆ.