ಐದು ಗಂಟೆಯ ಲಾಂಚು

ಲಾಂಚಿನ ಮುಂಬಾಗಿಲು ದಡಕ್ಕೆ ಬೀಳುವ ಸದ್ದನ್ನು ನಾನು ನಿದ್ದೆಗಣ್ಣಲ್ಲೂ ಗುರುತಿಸಬಲ್ಲೆ. ಮೊದಲು ಸರಪಳಿ ಕಿರಗುಡುತ್ತದೆ. ಆಮೇಲೆ ಕಬ್ಬಿಣದ ಹಲಗೆ ಧಡಾರನೆ ದಡ ಮುಟ್ಟುತ್ತದೆ. ಅಷ್ಟರಲ್ಲಿ ಒಳಗಿನ ಬೈಕುಗಳೆಲ್ಲ ಒಟ್ಟಿಗೇ ಸ್ಟಾರ್ಟ್ ಆಗಿರುತ್ತವೆ. ನಮ್ಮದು ತುಮರಿ ಕಡೆಯ ಊರು, ಶರಾವತಿ ಹಿನ್ನೀರಿನ ಆಚೆಗೆ. ಸಾಗರ ಪೇಟೆಗೆ ಹೋಗಬೇಕೆಂದರೆ ಕಳಸವಳ್ಳಿಯಲ್ಲಿ ಲಾಂಚು ಹತ್ತಿ, ಅಂಬಾರಗೋಡ್ಲಿನಲ್ಲಿ ಇಳಿದು ಬಸ್ಸು ಹಿಡಿಯಬೇಕಿತ್ತು. ಪೇಟೆಗೆ ಹೋದವರ ಜೀವವೆಲ್ಲ ಸಂಜೆಯ ಕೊನೆಯ ಲಾಂಚಿನ ಮೇಲೆ. ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿಸಿ ಕೂತ ದೊಡ್ಡಮ್ಮನೂ ಮಧ್ಯೆ ಮಧ್ಯೆ ಗಡಿಯಾರ ನೋಡುತ್ತಿದ್ದಳು. ರಸ್ತೆ ಮುಗಿದಲ್ಲಿ ನೀರಿಗೆ ಮುಖಮಾಡಿ ಕಾಯುವುದು ನಮಗೆಲ್ಲ ಹುಟ್ಟಿನಿಂದ ಬಂದ ಅಭ್ಯಾಸ. ನನಗೆ ಅದೇ ಮುಂದೆ ಅತಿ ಪ್ರೀತಿಯ ಹವ್ಯಾಸವಾಯಿತು.

ಎರಡು ಮೂರು ವರ್ಷಕ್ಕೊಮ್ಮೆ, ಕೂಡಿಟ್ಟ ದುಡ್ಡು ಮತ್ತು ರಜೆ ಎರಡೂ ಒದಗಿದಾಗ, ಒಬ್ಬಳೇ ಪರದೇಶಕ್ಕೆ ಹೊರಡುತ್ತೇನೆ. ಅಲ್ಲಿ ಇಳಿದ ಮೇಲೆ ಮತ್ತೆ ವಿಮಾನವಿಲ್ಲ. ರೈಲು, ರೈಲು ನಿಂತಲ್ಲಿಂದ ಹಡಗು. ಅಥೆನ್ಸಿನ ಹಳೆಯ ಮೆಟ್ರೊ ಮಾರ್ಗ ಪಿರೇಯಸ್ ಬಂದರಿನ ಎದುರಿಗೇ ಮುಗಿಯುತ್ತದೆ, ರಸ್ತೆ ದಾಟಿದರೆ ದ್ವೀಪಗಳಿಗೆ ಹೋಗುವ ಹಡಗುಗಳು. ಇಟಲಿಯ ಮೆಸ್ಸಿನಾ ಜಲಸಂಧಿಯಲ್ಲಿ ಸಿಸಿಲಿಗೆ ಹೋಗುವ ರೈಲಿನ ಬೋಗಿಗಳನ್ನೇ ಬಿಡಿಸಿ ಹಡಗಿನ ಹೊಟ್ಟೆಯೊಳಗೆ ತಳ್ಳುತ್ತಾರೆ. ಎರಡನ್ನೂ ನೋಡಿ ಬಂದೆ, ಸಂತೋಷವಾಯಿತು. ಆದರೆ ಮೂರು ಸಲ ಹೋದರೂ ಆಸೆ ತೀರದಿರುವುದು ಜಪಾನಿನ ಸೆತೊ ಒಳಸಮುದ್ರದ ಮೇಲೆ.

ಹೊನ್ಷು, ಶಿಕೊಕು, ಕ್ಯುಷು ಎಂಬ ಮೂರು ದೊಡ್ಡ ದ್ವೀಪಗಳ ನಡುವೆ ಸಿಕ್ಕಿಕೊಂಡ ಈ ಸಮುದ್ರದಲ್ಲಿ 700ಕ್ಕೂ ಹೆಚ್ಚು ದ್ವೀಪಗಳಿವೆ. ಮೊದಲ ಸಲ ನೋಡಿದಾಗ ಎದೆ ಝಲ್ಲೆಂದಿತು. ಇದು ನನಗೆ ಗೊತ್ತಿರುವ ನೀರು ಅನ್ನಿಸಿತು. ಅಲೆಯ ಅಬ್ಬರವಿಲ್ಲ, ಕಣ್ಣು ಹಾಯಿಸಿದಲ್ಲೆಲ್ಲ ಕಾಡು ಹೊದ್ದ ಗುಡ್ಡಗಳ ನೆತ್ತಿಗಳು ನೀರಿನಿಂದೆದ್ದು ನಿಂತಿವೆ. ಕಾರಣ ಆಮೇಲೆ ತಿಳಿಯಿತು. ಹಿಮಯುಗದಲ್ಲಿ ಇದು ಸಮುದ್ರವೇ ಆಗಿರಲಿಲ್ಲ, ಬಯಲು ನೆಲ. ಹಿಮ ಕರಗಿ ಸಮುದ್ರ ಏರಿದಾಗ ಬಯಲು ಮುಳುಗಿ ಬೆಟ್ಟದ ತುದಿಗಳು ದ್ವೀಪಗಳಾದವು. ನಮ್ಮಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದಾಗ ಕೆಲವೇ ಮಳೆಗಾಲಗಳಲ್ಲಿ ಆದದ್ದು ಅಲ್ಲಿ ಸಾವಿರಾರು ವರ್ಷಗಳಲ್ಲಿ ಆಗಿದೆ. ಎರಡೂ ಮುಳುಗಿದ ನೆಲದ ಮೇಲಿನ ನೀರು.

ಒಕಯಾಮಾ ನಿಲ್ದಾಣದಿಂದ ಈ ನೀರನ್ನು ದಾಟಲು ಎರಡು ದಾರಿ. ಒಂದು ಮರೀನ್ ಲೈನರ್ ಎಂಬ ರೈಲು, ಒಂದು ಗಂಟೆಯೊಳಗೆ ಶಿಕೊಕುವಿನ ತಕಮಾತ್ಸು ತಲುಪಿಸುತ್ತದೆ. ಹಾದಿಯಲ್ಲಿ ಸೆತೊ ಮಹಾಸೇತುವೆ. ದ್ವೀಪದಿಂದ ದ್ವೀಪಕ್ಕೆ ಕಾಲಿಡುತ್ತ ಹೋಗುವ ಸೇತುವೆಗಳ ಸಾಲು ಅದು, ಮೇಲೆ ರಸ್ತೆ, ಕೆಳಗೆ ಹಳಿ. ನಾನು ಚಾಲಕನ ಬೆನ್ನ ಹಿಂದೆಯೇ ಸೀಟು ಹಿಡಿಯುತ್ತೇನೆ. ಬಿಳಿ ಕೈಗವಸಿನ ಬೆರಳನ್ನು ಒಂದೊಂದು ಸಿಗ್ನಲ್ಲಿನತ್ತಲೂ ಚಾಚಿ, ಅದರ ಬಣ್ಣವನ್ನು ಬಾಯಿಬಿಟ್ಟು ಹೇಳಿಯೇ ಆತ ಮುಂದಕ್ಕೆ ಹೋಗುತ್ತಾನೆ. ಗಾಡಿಯಲ್ಲಿ ಬೇರೆ ಯಾರಿಗೂ ಕೇಳಬೇಕಿಲ್ಲ. ಕಣ್ಣು ತಪ್ಪಿದ್ದನ್ನು ಬಾಯಿ ತಪ್ಪಬಾರದೆಂದು ಈ ಪದ್ಧತಿ. ಉಕ್ಕಿನ ತೊಲೆಗಳ ಸಂದಿಯಲ್ಲಿ ಸಮುದ್ರ ಮಿಣುಕಿ ಮಿಣುಕಿ ಮರೆಯಾಗುತ್ತದೆ. ಕೆಳಗೆ ಮೀನಿನ ದೋಣಿಗಳು ಅಕ್ಕಿಕಾಳಿನಷ್ಟು.

ಇನ್ನೊಂದು ದಾರಿ ಊನೊ ಬಂದರಿನದು. ಸೇತುವೆ ಆಗುವ ಮುಂಚೆ ಎಲ್ಲರೂ ಈ ದಾರಿಯಲ್ಲೇ ದಾಟಬೇಕಿತ್ತು. 1910ರಿಂದ 1988ರವರೆಗೆ ರೈಲ್ವೆಯದೇ ಹಡಗುಗಳು ಇಲ್ಲಿಂದ ತಕಮಾತ್ಸುಗೆ ಓಡುತ್ತಿದ್ದವು, ರೈಲಿನ ಬೋಗಿಗಳೂ ಹಡಗಿನಲ್ಲೇ ಹೋಗುತ್ತಿದ್ದವು. ಆ ಹಡಗುಗಳ ಮೇಲಟ್ಟದಲ್ಲಿ ಬಿಸಿ ಉದೊನ್ ಮಾರುತ್ತಿದ್ದರು. ಉದೊನ್ ಅಂದರೆ ಗೋಧಿಹಿಟ್ಟಿನ ದಪ್ಪ ಶಾವಿಗೆ, ತಕಮಾತ್ಸು ಸೀಮೆಯ ಹೆಮ್ಮೆಯ ತಿನಿಸು. ದೂರದ ಊರುಗಳಲ್ಲಿ ದುಡಿಯುವ ಶಿಕೊಕುವಿನ ಮಂದಿ ರಜೆಗೆ ಮರಳುವಾಗ, ಮನೆ ಇನ್ನೂ ಆಚೆ ದಡದಲ್ಲಿರುವಾಗಲೇ, ಗಾಳಿಗೆ ಮೈಯೊಡ್ಡಿ ನಿಂತು ಊರಿನ ರುಚಿ ನೋಡುತ್ತಿದ್ದರಂತೆ. ಆ ಹಡಗು ನಿಂತು ಎಷ್ಟೋ ವರ್ಷವಾದರೂ ಅಲ್ಲಿನ ಹಿರಿಯರು ಆ ಉದೊನಿನ ಮಾತೆತ್ತಿದರೆ ಮುಖ ಬೆಳಗುತ್ತದೆ.

ಇದನ್ನು ಹೇಳಿದವಳು ಇನ್ನೊಂದನ್ನೂ ಹೇಳಲೇಬೇಕು. 1955ರ ಮೇ 11ರ ಬೆಳಿಗ್ಗೆ ದಟ್ಟ ಮಂಜಿನಲ್ಲಿ ಶಿಉನ್ ಮಾರು ಎಂಬ ಹಡಗು ಇದೇ ಮಾರ್ಗದ ಮತ್ತೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಸತ್ತವರು 168 ಮಂದಿ, ಹೆಚ್ಚಿನವರು ಶಾಲಾ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ಸೇತುವೆ ಬೇಕೆಂಬ ಕೂಗು ಬಲವಾದದ್ದು ಆ ದಿನದಿಂದ. 1988ರ ಏಪ್ರಿಲ್ 10ರಂದು ಸೇತುವೆ ತೆರೆಯಿತು. ಆಮೇಲೂ ಒಂದು ಕಂಪನಿಯ ಹಡಗು ಊನೊ–ತಕಮಾತ್ಸು ನಡುವೆ ಓಡುತ್ತಿತ್ತು. 2019ರ ಡಿಸೆಂಬರಿನಲ್ಲಿ ಅದೂ ನಿಂತಿತು. ನಮ್ಮ ಲಾಂಚು ದಾಟುತ್ತಿದ್ದ ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಸುದ್ದಿ ಬಂದಾಗ ಫೋನಿನಲ್ಲಿ ದೊಡ್ಡಮ್ಮ ಅತ್ತಳು. ಲಾಂಚು ಹೋಯಿತೆಂದು ಅತ್ತದ್ದಲ್ಲ. ಹೆರಿಗೆ ನೋವು ಬಂದ ತಂಗಿಯನ್ನು ಕಟ್ಟಿಕೊಂಡು, ಕೊನೆಯ ಲಾಂಚು ಹೋದ ದಡದಲ್ಲಿ, ಬೆಳಗಾಗುವವರೆಗೆ ಕೂತ ರಾತ್ರಿ ಅವಳಿಗೆ ನೆನಪಾಗಿತ್ತು. ಹಾಗಾಗಿ ಸೇತುವೆಗಳ ಬಗ್ಗೆ ನನಗೆ ದೂರಿಲ್ಲ. ದ್ವೀಪದಲ್ಲಿ ಬದುಕುವವರಿಗೆ ಸೇತುವೆ ಬೇಕು. ಬಂದು ಹೋಗುವ ನಾನು ಮಾತ್ರ ದೋಣಿ ಹುಡುಕಿಕೊಂಡು ಹೋಗುತ್ತೇನೆ. ಊನೊದಿಂದ ನೇರ ಹಡಗಿಲ್ಲದಿದ್ದರೇನು, ನಾವೊಷಿಮಾ ದ್ವೀಪಕ್ಕೆ ಇದೆ, 20 ನಿಮಿಷ. ಅಲ್ಲಿಂದ ತಕಮಾತ್ಸುಗೆ ಇನ್ನೊಂದು, ಸುಮಾರು ಒಂದು ಗಂಟೆ. ಎರಡು ನೆಗೆತದಲ್ಲಿ ಹಳೆಯ ದಾರಿಯನ್ನು ಇವತ್ತಿಗೂ ದಾಟಬಹುದು.

ಈ ಜೋಡಣೆ ಕಂಡುಹಿಡಿಯುವುದರಲ್ಲೇ ಈ ಹವ್ಯಾಸದ ಅರ್ಧ ಸುಖವಿದೆ. ಹೊರಡುವ ತಿಂಗಳ ಮುಂಚೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಸಮಯಪಟ್ಟಿಗಳು ಹರಡುತ್ತವೆ. ರೈಲು 7.40ಕ್ಕೆ ಬಂದರೆ, ಹಡಗು 8ಕ್ಕೆ ಹೊರಟರೆ, ನಡುವಿನ ಇಪ್ಪತ್ತು ನಿಮಿಷ ನನ್ನದು. ಆ ಇಪ್ಪತ್ತು ನಿಮಿಷಕ್ಕೆ ತಕಮಾತ್ಸುವಿನಷ್ಟು ಒಳ್ಳೆಯ ಊರು ನಾನು ಕಂಡಿಲ್ಲ. ರೈಲು ನಿಲ್ದಾಣ, ಬಂದರು, ಹಳೆಯ ಕೋಟೆ ಮೂರೂ ಐದು ನಿಮಿಷದ ನಡಿಗೆಯೊಳಗೆ. ಕೋಟೆಯ ಕಂದಕದಲ್ಲಿ ತುಂಬಿರುವುದು ಸಮುದ್ರದ್ದೇ ನೀರು. ಇಣುಕಿದರೆ ಕಡಲ ಮೀನು ಈಜುತ್ತಿರುತ್ತದೆ. ಪಕ್ಕದಲ್ಲೇ ಕೊತೊದೆನ್ ಕಂಪನಿಯ ಪುಟ್ಟ ರೈಲು, ಕೋಟೆಗೋಡೆಗೆ ಒರಗಿದಂಥ ಪ್ಲಾಟ್‌ಫಾರ್ಮು. ಅಂಗಡಿಯಲ್ಲಿ ಎರಡು ಒನಿಗಿರಿ ಕೊಳ್ಳುತ್ತೇನೆ, ಉಮೆಬೊಶಿ ಇಟ್ಟದ್ದನ್ನೇ ಕೇಳಿ. ಉದೊನಿನ ಸಾರಿಗೆ ಒಣಮೀನು ಬೀಳುತ್ತದೆ, ನನಗೆ ಆಗದು. ಆದರೆ ಉಪ್ಪಿನಲ್ಲಿ ಹಾಕಿದ ಆ ಹುಳಿಹಣ್ಣನ್ನು ಅನ್ನದುಂಡೆಯ ನಡುವೆ ಕಚ್ಚಿದಾಗ ಮೊಸರನ್ನದ ಜೊತೆಗಿನ ಅಪ್ಪೆಮಿಡಿ ನೆನಪಾಗದೆ ಇರುವುದಿಲ್ಲ.

ಆಮೇಲೆ ಮೆಓನ್. ಕೆಂಪು-ಬಿಳಿ ಬಣ್ಣದ ಈ ಹಡಗು ಮೆಗಿಜಿಮಾ ಮುಟ್ಟಿ 40 ನಿಮಿಷದಲ್ಲಿ ಒಗಿಜಿಮಾ ತಲುಪುತ್ತದೆ. ನಾನು ನಿಲ್ಲುವುದು ಹಿಂಬದಿಯಲ್ಲಿ. ಮುಂದೆ ನಿಂತರೆ ಹೋಗುವ ಊರು ಕಾಣುತ್ತದೆ, ಅದು ಹೇಗೂ ಬರುತ್ತದೆ. ಹಿಂದೆ ನಿಂತರೆ ಬಿಟ್ಟ ಊರು ಚಿಕ್ಕದಾಗುತ್ತ ಹೋಗುವುದು ಕಾಣುತ್ತದೆ. ಮಾತಾಡುವವರು ಜೊತೆಗಿದ್ದರೆ ಅದು ತಪ್ಪಿಹೋಗುತ್ತದೆ. ದಡ ಹತ್ತಿರವಾದಾಗ ಹಗ್ಗದ ಕೆಲಸ ನೋಡಬೇಕು. ಹಡಗಿನವನು ಹಗ್ಗ ಎಸೆಯುತ್ತಾನೆ, ದಡದವನು ಹಿಡಿದು ಕಬ್ಬಿಣದ ಗೂಟಕ್ಕೆ ಕುಣಿಕೆ ಹಾಕುತ್ತಾನೆ. ಹಗ್ಗ ನರಳುತ್ತ ಬಿಗಿಯುತ್ತದೆ, ಇಡೀ ಹಡಗು ಮೆತ್ತಗೆ ದಡಕ್ಕೆ ಒರಗುತ್ತದೆ. ಇಬ್ಬರೂ ಒಂದು ಮಾತೂ ಆಡುವುದಿಲ್ಲ. ಮತ್ತೆ ಅದೇ ಸರಪಳಿ, ಅದೇ ಧಡಾರ್.

ಒಗಿಜಿಮಾದಲ್ಲಿ ಇಳಿದ ಕೂಡಲೇ ಬಿಳಿ ಮಾಡಿನ ಒಂದು ಕಟ್ಟಡ. ಮಾಡು ಪೂರಾ ಜಗತ್ತಿನ ಹಲವು ಲಿಪಿಗಳ ಅಕ್ಷರಗಳನ್ನು ಹೆಣೆದದ್ದು. ಸ್ಪೇನಿನ ಶಿಲ್ಪಿ ಜೌಮೆ ಪ್ಲೆನ್ಸಾ 2010ರಲ್ಲಿ ಮಾಡಿದ್ದು. ಬಿಸಿಲಲ್ಲಿ ಅಕ್ಷರಗಳ ನೆರಳು ನೆಲಕ್ಕೆ ಬಿದ್ದಿರುತ್ತದೆ, ಟಿಕೆಟಿಗೆ ಕಾಯುವವರು ಅದರ ಮೇಲೆ ಓಡಾಡುತ್ತಾರೆ. ಅಲ್ಲಿಂದ ಊರು ನೆಟ್ಟಗೆ ಗುಡ್ಡ ಹತ್ತುತ್ತದೆ, ಎರಡು ಆಳು ಎದುರಾದರೆ ಒಬ್ಬರು ಗೋಡೆಗೆ ಸರಿಯಬೇಕಾದ ಓಣಿಗಳು. ಕಾರು ಹೋಗದ ಈ ಓಣಿಗಳಲ್ಲಿ ಅಜ್ಜಿಯರು ಒಂಬಾ ಎಂಬ ಕೈಗಾಡಿ ತಳ್ಳಿಕೊಂಡು ಓಡಾಡುತ್ತಾರೆ. ಸಾಮಾನು ಹೇರಲೂ ಅದೇ, ಊರುಗೋಲೂ ಅದೇ, ಸುಸ್ತಾದರೆ ಕೂರಲೂ ಅದೇ.

ಅಂಥ ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಬೆರಳೆತ್ತಿ "ಹಿತೊರಿ?" ಎಂದಳು. ಒಬ್ಬಳೇನಾ ಎಂದು. ಹೌದೆಂದು ತಲೆಯಾಡಿಸಿದೆ. "ಒಬ್ಳೇ ಹೋಗ್ತ್ಯನೇ ಮಾರಾಯ್ತಿ?" ಎಂದು ಹೊರಡುವ ಹಿಂದಿನ ದಿನ ದೊಡ್ಡಮ್ಮ ಕೇಳಿದ್ದಳು, ಅದರಲ್ಲಿ ಹೆದರಿಕೆಯಿತ್ತು. ಈ ಅಜ್ಜಿಯ ದನಿಯಲ್ಲಿ ಹೆದರಿಕೆಯಿರಲಿಲ್ಲ. ಗಾಡಿಯೊಳಗೆ ಕೈಹಾಕಿ ಒಂದು ಕಿತ್ತಳೆ ತೆಗೆದು ಕೊಟ್ಟಳು. ಎರಡಲ್ಲ, ಒಂದು. ನಾಲ್ಕು ಜನ ಗುಂಪಾಗಿ ಹೋಗಿದ್ದರೆ ಆಕೆ ಕೇಳುತ್ತಲೂ ಇರಲಿಲ್ಲ, ಕೊಡುತ್ತಲೂ ಇರಲಿಲ್ಲ. ಒಬ್ಬಳೇ ಇರುವವಳ ಹತ್ತಿರ ಊರು ತಾನಾಗಿ ಬರುತ್ತದೆ.

ಗುಡ್ಡದಾಚೆ 1895ರ ದೀಪಸ್ತಂಭವಿದೆ, ಬಣ್ಣ ಬಳಿಯದ ಗ್ರಾನೈಟ್ ಕಲ್ಲಿನದು. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಶಾಲೆಯ ಎದುರು. ಮಕ್ಕಳಿಲ್ಲದೆ ಬಾಗಿಲು ಹಾಕಿದ್ದ ಶಾಲೆ 2014ರಲ್ಲಿ ಮತ್ತೆ ತೆರೆಯಿತು, ಪಟ್ಟಣದಿಂದ ಕೆಲವು ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ದ್ವೀಪಕ್ಕೆ ಮರಳಿದ್ದರಿಂದ. ಮಲೆನಾಡಿನಲ್ಲಿ ಬೀಗ ಬಿದ್ದ ಎಷ್ಟು ಶಾಲೆಗಳನ್ನು ನೋಡಿದ್ದೇನೆ! ಬೀಗ ತೆಗೆದದ್ದನ್ನು ನೋಡಿದ್ದು ಇದೊಂದೇ.

ಈ ಸಮುದ್ರದ ದ್ವೀಪಗಳೆಲ್ಲ ಸುಖದ ಕತೆಗಳಲ್ಲ. ತೆಷಿಮಾದಲ್ಲಿ ನೀರಿನ ಹನಿಯಾಕಾರದ ಒಂದು ಬಿಳಿ ಕಾಂಕ್ರೀಟ್ ಗೂಡಿದೆ. 2010ರಲ್ಲಿ ವಾಸ್ತುಶಿಲ್ಪಿ ರ್‍ಯೂಎ ನಿಶಿಜಾವಾ ಮತ್ತು ಕಲಾವಿದೆ ರೇಇ ನೈತೊ ಮಾಡಿದ್ದು. ಒಂದೂ ಕಂಬವಿಲ್ಲ, ಮಾಡಿನಲ್ಲಿ ಎರಡು ದೊಡ್ಡ ತೆರಪು, ಗಾಳಿ ಮಳೆಗಳಿಗೆ ತಡೆಯಿಲ್ಲ. ನೆಲದ ಸಣ್ಣ ತೂತುಗಳಿಂದ ನೀರು ಒಸರುತ್ತದೆ. ಹನಿ ಹನಿ ಹರಿದು, ತಡೆದು ನಿಂತು, ಇನ್ನೊಂದು ಹನಿಯನ್ನು ಕೂಡಿಕೊಂಡು ಮುಂದೆ ಜಾರುತ್ತದೆ. ಕೆಸುವಿನೆಲೆಯ ಮೇಲಿನ ನೀರನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತಿದ್ದ ಹುಡುಗಿಯಂತೆ ಒಂದೂವರೆ ಗಂಟೆ ಕೂತಿದ್ದೆ. ಅದೇ ದ್ವೀಪದ ಪಶ್ಚಿಮ ಅಂಚಿನಲ್ಲಿ 1990ರವರೆಗೆ ವರ್ಷಗಟ್ಟಲೆ ಕಾನೂನು ಮೀರಿ ಕಾರ್ಖಾನೆ ಕಸ ತಂದು ಸುರಿದಿದ್ದರು. ಊರವರು ದಶಕಗಳ ಕಾಲ ಹೋರಾಡಿದರು. 9 ಲಕ್ಷ ಟನ್ನಿಗೂ ಹೆಚ್ಚು ವಿಷದ ಕಸವನ್ನು ಹಡಗಿನಲ್ಲಿ ನಾವೊಷಿಮಾಕ್ಕೆ ಒಯ್ದು ಸಂಸ್ಕರಿಸಿದರು. ಆ ಸಾಗಣೆ ಮುಗಿದದ್ದು 2017ರಲ್ಲಿ.

ತಕಮಾತ್ಸುವಿನಿಂದ ಓಷಿಮಾಕ್ಕೂ ಒಂದು ದೋಣಿ ಹೋಗುತ್ತದೆ. 1909ರಲ್ಲಿ ಕುಷ್ಠರೋಗಿಗಳನ್ನು ಊರಿಂದ ದೂರವಿಡಲು ಕಟ್ಟಿದ ಆಸ್ಪತ್ರೆಯ ದ್ವೀಪ ಅದು. ಔಷಧಿ ಬಂದು ರೋಗ ವಾಸಿಯಾಗತೊಡಗಿದ ಮೇಲೂ ಪ್ರತ್ಯೇಕವಾಗಿಡುವ ಕಾನೂನು ಉಳಿದಿತ್ತು, ಅದು ರದ್ದಾದದ್ದು 1996ರಲ್ಲಿ. ಬೀದಿಗಳಲ್ಲಿ ಬಿಳಿ ಗೆರೆ ಎಳೆದಿದ್ದಾರೆ, ತಿರುವುಗಳಲ್ಲಿ ಧ್ವನಿವರ್ಧಕದಿಂದ ಸಂಗೀತ ಕೇಳುತ್ತಿರುತ್ತದೆ. ದೃಷ್ಟಿ ಕಳೆದುಕೊಂಡವರಿಗೆ ದಾರಿ ತಿಳಿಯಲೆಂದು. ಅಲ್ಲಿಗೆ ಬಂದವರಲ್ಲಿ ಎಷ್ಟೋ ಜನರಿಗೆ ದೋಣಿ ಒಂದೇ ದಿಕ್ಕಿಗೆ ಇತ್ತು. ನಾನು ಅಲ್ಲಿ ಕ್ಯಾಮೆರಾ ತೆಗೆಯಲಿಲ್ಲ. ಮರಳುವಾಗ, ಮರಳುವ ಟಿಕೆಟ್ ಕೈಯಲ್ಲಿರುವುದು ಎಷ್ಟು ದೊಡ್ಡದೆಂದು ಮೊದಲ ಸಲ ಅನ್ನಿಸಿತು.

ಒಗಿಜಿಮಾದ ಆ ದಿನ ಸಂಜೆ ನಾಲ್ಕೂವರೆಗೇ ದಡಕ್ಕೆ ಬಂದು ಕೂತೆ. ಕಿತ್ತಳೆ ಸುಲಿದೆ. ಬೆಕ್ಕೊಂದು ಕಾಲ ಬುಡದಲ್ಲಿ ಮೈಮುರಿಯಿತು. ಅಜ್ಜಿಯೂ ಗಾಡಿ ತಳ್ಳಿಕೊಂಡು ಬಂದು, ಅದರ ಮೇಲೇ ಕೂತಳು. ಹೋಗುವವಳಲ್ಲ, ಯಾರೋ ಬರುವವರಿದ್ದರು. ದಡದ ಮೇಲಿದ್ದವರೆಲ್ಲ ಒಂದೇ ಕಡೆ ನೋಡುತ್ತಿದ್ದೆವು, ಕಳಸವಳ್ಳಿಯಲ್ಲಿ ನೋಡುತ್ತಿದ್ದ ಹಾಗೆ. ಮೆಗಿಜಿಮಾದ ಮರೆಯಿಂದ ಕೆಂಪು-ಬಿಳಿಯ ಚುಕ್ಕೆ ಹೊರಬಿದ್ದಾಗ ಅಜ್ಜಿ ಬೆರಳು ತೋರಿಸಿದಳು, ಥೇಟ್ ಆ ರೈಲಿನ ಚಾಲಕನಂತೆ.

ನೀವು ಹೋಗುವುದಾದರೆ ಒಬ್ಬರೇ ಹೋಗಿ. ಮೆಓನ್ ತಕಮಾತ್ಸುವಿನಿಂದ ಬೆಳಿಗ್ಗೆ 8ಕ್ಕೆ ಹೊರಡುತ್ತದೆ. ಒಗಿಜಿಮಾದಿಂದ ಕೊನೆಯದು ಸಂಜೆ 5ಕ್ಕೆ. ಸಮಯ ಬದಲಾಗಿದೆಯೇ ಎಂದು ಹಿಂದಿನ ದಿನ ಬಂದರಿನಲ್ಲಿ ಕೇಳಿಕೊಳ್ಳಿ. ಹಡಗಿನ ಹಿಂಬದಿಯಲ್ಲಿ, ಎಡಗಡೆ ಕಂಬಿಯ ಹತ್ತಿರ, ಒಬ್ಬರು ನಿಲ್ಲುವಷ್ಟು ಜಾಗವಿದೆ.